ಮೂರನೇ ಮಹಡಿಯ ಗಿರಾಕಿ

ವರ್ತಕರ ಸಂಘದ ಅಧ್ಯಕ್ಷೆ ಶ್ರೀಮತಿ ರಾಧಾಮಣಿಯವರೇ, ಅತಿಥಿಗಳೂ ನನ್ನ ಅಂಗಡಿಯ ಕಟ್ಟಡದ ಮಾಲೀಕರೂ ಆದ ಶ್ರೀ ಪಿಳ್ಳಣ್ಣನವರೇ, ಆರ್.ಟಿ. ನಗರದ ನನ್ನ ಸಹವರ್ತಕರೇ, ಎರಡನೇ ಸಾಲಿನಲ್ಲಿ ಕುಳಿತು ‘ಬೇಗ ಮುಗಿಸಿ’ ಎಂದು ಕಣ್ಣಲ್ಲೇ ಹೇಳುತ್ತಿರುವ ನನ್ನ ಮನೆಯವರೇ, ಸಭಿಕರೇ,

ಇಪ್ಪತ್ತೆಂಟು ವರ್ಷ ಪುಸ್ತಕ ಮಾರಿದ್ದಕ್ಕೆ ನನಗೆ ಶಾಲು ಹೊದಿಸಿದ್ದೀರಿ. ಸಂತೋಷ. ಆದರೆ ಪುಸ್ತಕ ಮಾರುವವನ ಕೈಗೆ ಮೈಕು ಕೊಡಬಾರದಿತ್ತು. ನಮ್ಮಲ್ಲಿ ಮುನ್ನುಡಿಯೇ ಮುಗಿಯುವುದಿಲ್ಲ.

‘ಆನ್‌ಲೈನ್ ಕಾಲದಲ್ಲೂ ಎದೆಗುಂದದ ಗುರುಪಾದಪ್ಪ’ ಎಂದು ನಿರೂಪಕರು ಹೇಳಿದರು. ಎದೆ ಕುಂದಲಿಲ್ಲವೇ? ಕುಂದಿತ್ತು, ಸ್ವಾಮಿ. ಚೆನ್ನಾಗಿಯೇ ಕುಂದಿತ್ತು.

ನಮ್ಮ ರಸ್ತೆಯನ್ನೇ ನೋಡಿ. ಚಪ್ಪಲಿ ಅಂಗಡಿಗೆ ಜನ ಬಂದು ಅಳತೆ ನೋಡಿಕೊಂಡು ಹೋಗುತ್ತಾರೆ, ಚಪ್ಪಲಿ ಮಾತ್ರ ಎರಡು ದಿನಕ್ಕೆ ಪೆಟ್ಟಿಗೆಯಲ್ಲಿ ಮನೆಗೇ ಬರುತ್ತದೆ. ಎದುರಿನ ದರ್ಶಿನಿಯಲ್ಲಿ ನಿಂತು ತಿನ್ನುವವರಿಗಿಂತ ಪೊಟ್ಟಣ ಒಯ್ಯುವ ಬೈಕಿನವರೇ ಹೆಚ್ಚು. ನನ್ನ ಅಂಗಡಿಗೂ ಬರುತ್ತಿದ್ದರು. ಪುಸ್ತಕ ತಿರುಗಿಸಿ ನೋಡುತ್ತಿದ್ದರು, ಮುಖಪುಟದ ಫೋಟೋ ತೆಗೆಯುತ್ತಿದ್ದರು, ‘ಆಮೇಲೆ ಬರ್ತೀನಿ ಸರ್’ ಎನ್ನುತ್ತಿದ್ದರು. ಆ ‘ಆಮೇಲೆ’ ಎಂದಾದರೂ ಬಂದೀತೇ?

ಹೋದ ವರ್ಷ ಆಷಾಢದಲ್ಲಿ ನಾನು ಸದ್ದಿಲ್ಲದೆ ಪಿಳ್ಳಣ್ಣನವರ ಮನೆಗೆ ಹೋಗಿ, ತಿಂಗಳ ಕೊನೆಗೆ ಅಂಗಡಿ ಬಿಡುತ್ತೇನೆ ಎಂದುಬಿಟ್ಟೆ. ಹತ್ತು ನಿಮಿಷದಲ್ಲಿ ಹಾಲು, ಸೊಪ್ಪು ತಲುಪಿಸುವ ಕಂಪನಿಯವರು ಆ ಜಾಗವನ್ನು ಗೋದಾಮಿಗೆ ಕೇಳುತ್ತಿದ್ದರು.

ನೋಡಿ, ನಮ್ಮ ಮನೆಯವರು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತರು. ಈ ಸಂಗತಿ ಅವರಿಗೆ ಇಂದೇ ತಿಳಿದದ್ದು. ಚಂದ್ರವ್ವ, ಮನೆಗೆ ಹೋಗಿ ಮಾತಾಡೋಣ.

ಅದೇ ವಾರ ಒಬ್ಬ ಹೆಣ್ಣುಮಗಳ ಮೇಲೆ ನನ್ನ ಸಿಟ್ಟು ಸಿಡಿಯಿತು. ರೆಹಾನಾ ಎಂದು, ಇಲ್ಲೇ ಶಾಲೆಯಲ್ಲಿ ಪಾಠ ಹೇಳುತ್ತಾರೆ. ಪ್ರತಿ ಶನಿವಾರ ಮಧ್ಯಾಹ್ನ ಬಂದು ಎಂಟು ಹತ್ತು ಪುಸ್ತಕಗಳ ಫೋಟೋ ತೆಗೆದು ಹೊರಡುತ್ತಿದ್ದರು. ಆ ದಿನ ತಡೆದು ಕೇಳಿದೆ: “ನೋಡೂದು ಇಲ್ಲಿ, ತರಸೂದು ಫೋನಿನ್ಯಾಗ. ಇದೇನು ಪ್ರದರ್ಶನ ಅಂತ ತಿಳದೀಯೇನವಾ?” ಅಂಗಡಿಯಲ್ಲಿ ಇನ್ನಿಬ್ಬರಿದ್ದರು. ಆಕೆ ಕೆಂಪಾದರು. “ಸಾರಿ ಅಂಕಲ್” ಎಂದು ಹೊರಟೇಹೋದರು.

ಮನೆಗೆ ಬಂದು ಈ ಶೌರ್ಯವನ್ನು ವರ್ಣಿಸಿದೆ. ಸಂಜೆ ಹೊತ್ತು ಅಂಗಡಿಯಲ್ಲಿ ಕೂರುವವರು ಚಂದ್ರವ್ವ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

“ಆ ಹುಡುಗೀನ್ನ ಬೈದ್ರ್ಯಾ? ವಾರಕ್ಕ ಎರಡು ಪುಸ್ತಕ ನನ್ನ ಕಡಿಂದನ ಒಯ್ತಾಳ್ರೀ ಅಕಿ. ಅಪ್ಪಗ ಸೊಂಟ ಮುರದು ಮೂರನೇ ಮಾಳಿಗಿ ಇಳಿಯಾಕ ಆಗೂದಿಲ್ಲ. ಅಂವ ಫೋಟೋ ನೋಡಿ ಆರಸ್ತಾನ, ಅಕಿ ಬಂದು ಕೊಳ್ತಾಳ.”

 ಅಂಗಡಿಯಲ್ಲಿ ಉಳಿದಿದ್ದ ನಾಲ್ಕು ನಿಷ್ಠಾವಂತ ಗಿರಾಕಿಗಳಲ್ಲಿ ಒಬ್ಬರನ್ನು ನಾನೇ ಓಡಿಸಿದ್ದೆ!

ಮರುದಿನ ಚಂದ್ರವ್ವ ಹೇಳಿದ ವಿಳಾಸ ಹುಡುಕಿಕೊಂಡು, ಒಂದು ಚೀಲ ಪುಸ್ತಕ ಹಿಡಿದು ಆ ಮೂರು ಮಹಡಿ ಹತ್ತಿದೆ. ರೆಹಾನಾ ಬಾಗಿಲು ತೆರೆದರು. ಬಾಗಿಲಲ್ಲೇ ಕೈಮುಗಿದು, “ತಪ್ಪಾತವಾ” ಎಂದೆ. ಒಳಗಿನಿಂದ ಒಂದು ದನಿ ಬಂತು: “ಯಾರ್ರೀ ಅದು ಫುಟ್‌ಬೋರ್ಡಲ್ಲಿ? ಒಳಗ್ ಬನ್ನಿ, ಮುಂದಕ್ಕ್ ಬನ್ನಿ!” ರೆಹಾನಾ ಅವರ ತಂದೆ ಮುಜಫ್ಫರ್ ಸಾಹೇಬರು. ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು.

ಚಹಾ ಕುಡಿಯುತ್ತ ಅವರು ಹೇಳಿದ ಮಾತು ಇದು: “ಅಂಗಡಿಯವ್ರೇ, ನನ್ನಂಥೋರು ಈ ಏರಿಯಾದಲ್ಲಿ ಎಷ್ಟ್ ಜನ ಇದಾರೆ ಗೊತ್ತಾ? ಒಬ್ರಿಗೆ ಮಂಡಿ ನೋವು, ಒಬ್ರು ಮೊಮ್ಮಗೂನ ಬಿಟ್ ಬರಂಗಿಲ್ಲ. ಅವ್ರಿಗೆ ಪುಸ್ತಕ ಬೇಡ ಅಂತಲ್ಲ ಕಣ್ರೀ, ಮೆಟ್ಲು ಬೇಡ, ಅಷ್ಟೇ.”

ರೆಹಾನಾ ಮುಂದಿನ ಶನಿವಾರ ಮತ್ತೆ ಬಂದರು. ಈ ಬಾರಿ ಅವರು ಫೋಟೋ ತೆಗೆದರೆ ಪುಸ್ತಕ ಹಿಡಿದು ನಿಂತವನು ನಾನು. ವಾಟ್ಸಾಪಿನಲ್ಲಿ ಮನೆ ಬಿಟ್ಟು ಬರಲಾಗದ ಓದುಗರ ಒಂದು ಗುಂಪು ಮಾಡಿ, ಫೋಟೋಗಳ ಕೆಳಗೆ ತಂದೆಯ ನಂಬರು ಹಾಕಿದರು. ಫೋನು ಎತ್ತುವ ಕೆಲಸವನ್ನು ಸಾಹೇಬರು ಹಟ ಹಿಡಿದು ವಹಿಸಿಕೊಂಡರು. ಯಾರೇ ಕರೆ ಮಾಡಲಿ, ಮೊದಲು “ಯಾವ್ ಸ್ಟಾಪು?” ಎಂದೇ ಕೇಳುವುದು. ಗಂಗಾನಗರದ ಯಜಮಾನರಿಗೆ ಯಾವುದು ಹಿಡಿಸೀತು, ಹೆಬ್ಬಾಳದ ಟೀಚರಮ್ಮ ಯಾವ ಪುಟದಲ್ಲಿ ಅತ್ತಾರು, ಎಲ್ಲ ಅವರಿಗೆ ಗೊತ್ತು. ನಾನು ಸ್ಕೂಟರಿನಲ್ಲಿ ಹಂಚಿ ಬರುತ್ತೇನೆ.

ತಿಂಗಳ ಕೊನೆಗೆ ಪಿಳ್ಳಣ್ಣನವರು ಬಂದರು. “ಏನ್ ಸಾಮಿ, ಬೀಗದ ಕೈ ಎಲ್ಲಿ? ಗೋಡೋನ್‌ನೋರು ಕಾಯ್ತಾವ್ರೆ.”

ನಾನು ಪುಸ್ತಕಕ್ಕೆ ಕಾಗದ ಸುತ್ತುತ್ತಿದ್ದೆ. “ಬಿಡಾಂಗಿಲ್ರೀ ನಾ” ಎಂದೆ. ಎಂದವನೇ ಮುಂದಿನ ಪೊಟ್ಟಣಕ್ಕೆ ದಾರ ಬಿಗಿದೆ, ಸಭಿಕರೇ.

ಅವರು ಗೋಡೆಯ ಉದ್ದಕ್ಕೂ ಕಟ್ಟಿಟ್ಟ ಪೊಟ್ಟಣಗಳನ್ನು ನೋಡಿ ನಕ್ಕರು. “ಅಂಗೇ ಆಗ್ಲಿ ಬುಡಿ. ನನ್ ಮಗ್ಳು ಪಾಸಾಗಿದ್ದೇ ನಿಮ್ ಅಂಗ್ಡಿ ಗೈಡಲ್ಲಿ.”

ಇಂದು ಆ ದೊಡ್ಡ ಕಂಪನಿಗಳ ಮೇಲೂ ನನಗೆ ಸಿಟ್ಟಿಲ್ಲ. ಮೊನ್ನೆ ಮೊಣಕಾಲಿನ ಪಟ್ಟಿಯನ್ನು ನಾನೂ ಅಲ್ಲಿಂದಲೇ ತರಿಸಿದೆ. ರಾಧಾಮಣಿಯವರೇ, ಅಂದು ನಿಮ್ಮ ಔಷಧಿ ಅಂಗಡಿ ಮುಚ್ಚಿತ್ತು. ಮುಚ್ಚಿತ್ತೆಂದೇ ನನ್ನ ನೆನಪು.

ಹೋದ ಭಾನುವಾರ ಇಬ್ಬರು ಆಟೋದವರು ಮುಜಫ್ಫರ್ ಸಾಹೇಬರನ್ನು ಗಾಲಿಕುರ್ಚಿ ಸಮೇತ ಎತ್ತಿ ಕೆಳಗಿಳಿಸಿದರು. ಎರಡು ವರ್ಷದ ಮೇಲೆ ಅವರು ಬೀದಿ ಕಂಡದ್ದು. ಅಂಗಡಿಯೊಳಗೆ ಬಂದು ಸುತ್ತ ನೋಡಿ, “ಫೋಟೋದಲ್ಲಿ ದೊಡ್ಡದಾಗ್ ಕಾಣ್ತಿತ್ತಲ್ರೀ!” ಎಂದರು. ಆಮೇಲೆ ಕಪಾಟಿನ ಕೆಳಸಾಲಿನ ಪುಸ್ತಕಗಳ ಬೆನ್ನಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೈಯಾಡಿಸಿದರು. ಹೊರಡುವಾಗ ಮೆಲ್ಲಗೆ ಕೇಳಿದರು: “ದಿನಾ ಬರ್ಬೋದಾ?”

ಮಹಡಿ ಇಳಿಸಲು ಆ ಆಟೋದವರು ದಿನಾ ಬರುತ್ತಾರಂತೆ. ಉಳಿದದ್ದು ಅಂಗಡಿಯ ಮೆಟ್ಟಿಲು; ಪಿಳ್ಳಣ್ಣನವರು ಮುಂದೆ ನಿಂತು ಅದನ್ನು ಒಡೆಸಿ ಇಳಿಜಾರು ಹಾಕಿಸುತ್ತಿದ್ದಾರೆ. ಸಿಮೆಂಟು ಇನ್ನೂ ಹಸಿ, ನಾಳೆ ಯಾರೂ ಕಾಲಿಡಬೇಡಿ. ಸೋಮವಾರ ಬೆಳಿಗ್ಗೆ ಎಲ್ಲರೂ ಬನ್ನಿ. ಮೊದಲು ಸಾಹೇಬರ ಕುರ್ಚಿ ಉರುಳಿಕೊಂಡು ಒಳಗೆ ಹೋಗಲಿ, ಹಿಂದೆ ನಾವೆಲ್ಲ ಹೋಗೋಣ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ, ಮನೆಗೆ ಹೋದ ಮೇಲೆ ನನ್ನನ್ನು ಸಹಿಸಿಕೊಳ್ಳಬೇಕಾದ ಚಂದ್ರವ್ವನವರಿಗೂ ಕೃತಜ್ಞತೆಗಳು. ನಮಸ್ಕಾರ.