ಕಂಬಳಿ ಗೋಡೆ

ಚಪ್ಪಲಿ ಯಾಕೆ ಬಿಟ್ಟೆ? ಇಲ್ಲ ಇಲ್ಲ, ಒಳಗೆ ಬಂದಾಗ ಹಾಕ್ಕಂಡೇ ಇದ್ದೆ, ನಾನೇ ನೋಡಿದೆ. ಈ ಗೋಡೆ ಕಣ್ಣಿಗೆ ಬಿದ್ದ ಮೇಲೆ ವಾಪಸ್ ಹೋಗಿ ಹೊರಗೆ ಬಿಟ್ಟು ಬಂದೆ. ಹಾಕ್ಕ ಹೋಗು ಯಶೋದಾ. ಇದೇನು ಗುಡಿ ಅಲ್ಲ, ಕೌದಿ ಹೊಲಿಯೋ ಕ್ಲಾಸು. ನೆಲದ ತುಂಬ ಸೂಜಿ, ಗುಂಡುಪಿನ್ನು ಬಿದ್ದಿರ್ತವೆ. ಇಲ್ಲಿ ಎಲ್ಲರೂ ಚಪ್ಪಲಿ ಹಾಕ್ಕಂಡೇ ಓಡಾಡ್ತಾರೆ. ನೀನು ಕಾಲಿಗೆ ಚುಚ್ಚಿಸ್ಕಂಡು, ವಾರಗಿತ್ತಿ ಮಾಟ ಮಾಡ್ಸಿದ್ಲು ಅಂತ ಆದಿವಾಲ ಊರಿಗೆಲ್ಲ ಸಾರ್ಕಂಡು ಬರಬ್ಯಾಡ.

ಇನ್ನು ನಾನು ಕದ್ದಿಲ್ಲ ಅಂತ ಅತ್ತೆ ಹತ್ರ ಒಂದು ಮಾತು ಹೇಳು ಅಕ್ಕ, ಅಂತ ಬಂದ್ಯಲ್ಲ, ಅದು ನನ್ನ ಕೈಲಿ ಆಗಲ್ಲ. ನಾನ್ಯಾಕೆ ಹೇಳ್ಲಿ? ದೇವರ ಗದ್ದಿಗೆಗೆ ಹಾಸೋ ಕಂಬಳಿ ಕಾಣೆಯಾಗಿದ್ದು ನಿನ್ನ ಕೋಣೆ ಅಟ್ಟದಿಂದ. ತವರಿಗೆ ಸಾಗಿಸಿದಾಳೆ, ಕಳ್ಳಿ, ಅಂತ ಅಂದೋರು ಅತ್ತೆ, ನಾನಲ್ಲ. ಆ ಕಂಬಳಿ ಹಾಸದೆ ಹಸೆ ಮೇಲೆ ಯಾರನ್ನೂ ಕೂರಿಸಲ್ಲ ಅಂತ ಹಟ ಹಿಡಿದೋರೂ ಅವರೇ. ನಿನ್ನ ಮಗಳು ಸ್ವಾತಿ ಮದುವೆ ನಿಂತ್ರೆ ಅದಕ್ಕೂ ನಾನೇ ಬೇಕಾ? ಹಳೇ ಕಾಲದಿಂದ ಬಂದ ಕಂಬಳಿ, ಮನೆ ಮದುವೆಗಳೆಲ್ಲ ಅದರ ಮೇಲೇ ಆಗಿದ್ದು. ಜೋಪಾನ ಮಾಡ್ಬೇಕಿತ್ತು ನೀನು.

ಕೇಳಿಸ್ಕಂತಿದೀಯಾ? ಆಗ್ಲಿಂದ ಅದನ್ನೇ ಏನು ನೋಡ್ತೀಯ?

ಓ, ಗೋಡೆನಾ. ನೋಡು, ಧಾರಾಳವಾಗಿ ನೋಡು. ಮುರುಗೇಶಪ್ಪನ ಬಾಡಿಗೆ ಮನೆ ಇದು. ಒಂದು ಮೊಳೆ ಹೊಡೆದ್ರೆ ಸಾಕು, ಗಂಟುಮೂಟೆ ಕಟ್ಟು ಅಂತಾನೆ. ನಮಗೋ ಬಟ್ಟೆ ತುಂಡು ಜೋಡಿಸಿ, ದೂರ ನಿಂತು, ಬಣ್ಣಕ್ಕೆ ಬಣ್ಣ ಹೊಂದುತ್ತೋ ಇಲ್ವೋ ನೋಡಿ ಆಮೇಲೆ ಹೊಲೀಬೇಕು. ನೆಲದ ಮೇಲೆ ಜೋಡಿಸಿದ್ರೆ ಫ್ಯಾನ್ ಹಾಕಂಗಿಲ್ಲ. ಅದಕ್ಕೇ ಈ ಗೋಡೆ. ಮದುವೆ ಸ್ಟೇಜ್ ಕಟ್ಟೋರು ಬಿಸಾಕಿದ್ದ ಥರ್ಮಾಕೋಲು, ಬೆನ್ನಿಗೆ ಬಿದಿರು ದಬ್ಬೆ, ಮುಂದೆ ಕಂಬಳಿ. ಕಿಟಕಿ ಸರಳಿಗೆ ಹಗ್ಗ. ಬೇಕಾದಾಗ ತೂಗುಹಾಕು, ಸಂಜೆ ಬಿಚ್ಚಿ ಬೀರು ಹಿಂದಕ್ಕೆ ತಳ್ಳು. ಹಗ್ಗ ಒಂದು ಬಿಟ್ರೆ ಏನೂ ಖರ್ಚಿಲ್ಲ.

ಯಾಕೆ ನಗ್ತೀಯ? ತಲೆ ಇದ್ದೋರು ಮಾಡಿದ್ರೆ ನಿಂಗೆ ನಗುನೇ ಬರೋದು.

ತಗ, ಈ ತುಂಡು ಇಟ್ಟು ಒತ್ತು. ನೀನು ಮುಟ್ಟಲ್ವಾ? ಬಿಡು, ನಾನೇ ಒತ್ತೀನಿ. ನಿಂತ್ಕಂತಾ? ಪಿನ್ನೂ ಬ್ಯಾಡ, ಗೋಂದೂ ಬ್ಯಾಡ. ಉಣ್ಣೆ ತಾನಾಗೇ ಹಿಡ್ಕಂತೈತೆ. ಅದೂ ಎಂಥ ಕಂಬಳಿ ಆದ್ರೂ ನಡೆಯಲ್ಲ ಮತ್ತೆ. ಮೊದಲು ಹೊಸ ಕಂಬಳಿ ಹಾಕಿ ನೋಡಿದ್ದೆ. ಹುಣಸೆಬೀಜದ ಗಂಜಿ ಕುಡಿದು ತಗಡಿನ ಹಂಗಿತ್ತು. ಬಟ್ಟೆ ಎಲ್ಲ ಜಾರಿ ಬಿತ್ತು. ತೊಳೆದ್ರೂ ಅಷ್ಟೇ, ಗಂಜಿ ಅಷ್ಟು ಸುಲಭಕ್ಕೆ ಬಿಡಲ್ಲ. ವರ್ಷಾನುಗಟ್ಟಲೆ ಹಾಸಿ, ಮಡಚಿ, ಮೆತ್ತಗಾಗಿ ಉಣ್ಣೆ ಎದ್ದಿರ್ಬೇಕು, ಅಂಥದ್ದೇ ಆಗ್ಬೇಕು.

ಎಲ್ಲಿಂದ ತಂದೆ ಅಂತಾನಾ? ಬಾಯಿ ಬಿಟ್ಟು ಕೇಳಿಲ್ಲ ನೀನು, ಕಣ್ಣಲ್ಲಿ ಕೇಳ್ತಿದೀಯ. ಸಂತೇಲಿ ತಂದೆ. ಮೊನ್ನೆ ಹಿರಿಯೂರು ಸಂತೇಲಿ, ಹೊಸ ಕಂಬಳಿ...

ಯಾಕೆ ಹಂಗೆ ನೋಡ್ತೀಯ? ಹೊಸದು ಅಂದ್ರೆ, ತಂದು ತೊಳೆದೆ. ಬಿಸಿನೀರಲ್ಲಿ ನೆನೆಹಾಕಿ ತೊಳೆದೆ. ಗಂಜಿ ಹೋಯ್ತು. ಹೋಗಲ್ವಾ ತೊಳೆದ್ರೆ?

ಗೋಡೆ ಹಿಂದಕ್ಕೆ ಯಾಕೆ ಹೋಗ್ತೀಯ? ಲೇ, ಬಾ ಈಕಡೆ. ಹಿಂದೆ ಏನೂ ಇಲ್ಲ. ಅಂಚು ಮಡಚಿ ದಬ್ಬಳದಲ್ಲಿ ಹೊಲಿದಿದೀನಿ, ಅಷ್ಟೇ. ಒಂದು ಎಳೆ ಕೂಡ ಕತ್ತರಿಸಿಲ್ಲ. ಆ ಹಳದಿ ಕಲೆ ಪೇಂಟು. ಪೇಂಟು ಕಣೇ, ಹುಡುಗೀರು ಚೆಲ್ಲಿರ್ತಾರೆ. ಅದನ್ನ ಯಾಕೆ ಮೂಸ್ತೀಯ? ದೇವರ ಭಂಡಾರ ಆಗಿದ್ರೆ ಅರಿಶಿಣ ಕೈಗೆ ಹತ್ತುತ್ತಿರ್ಲಿಲ್ವಾ...

ಹತ್ತಿತಾ.

ಸರಿ. ಅದೇ ಕಂಬಳಿ. ಏನೀಗ?

ಹಬ್ಬ ಬಂದ್ರೆ ಅತ್ತೆ ಕೂಗಿದ್ದು ಯಾರನ್ನ? ಯಶೋದಾ, ಕಂಬಳಿ ಹಾಸು ಬಾರೆ. ನಾನು ಹಿರಿ ಸೊಸೆ, ಪಕ್ಕದಲ್ಲೇ ನಿಂತಿರ್ತಿದ್ದೆ. ಮಡಿಲು ತುಂಬದೋಳು ಮುಟ್ಟಬಾರ್ದಂತೆ. ನೀನೂ ಒಂದು ದಿನಕ್ಕಾದ್ರೂ, ಅಕ್ಕ ಹಾಸ್ಲಿ ಬಿಡ್ರಿ ಅತ್ತೆ, ಅಂದ್ಯಾ? ಹಾಸಿ, ಕೈ ಕೊಡವಿ, ನನ್ನ ಮುಂದೇನೇ ಹೋಗ್ತಿದ್ದೆ. ನನ್ನ ಹೊಟ್ಟೆ ಎಷ್ಟು ಉರೀತಿತ್ತು ಅಂತ ನಿಂಗೇನು ಗೊತ್ತು? ಈಗ ನೋಡು, ದಿನಾ ನಾನೇ ಎತ್ತಿ ಕಟ್ತೀನಿ, ನಾನೇ ಇಳಿಸ್ತೀನಿ. ಮುಟ್ಟಬ್ಯಾಡ ಅನ್ನೋರು ಯಾರೂ ಇಲ್ಲ. ನಿಮ್ಮ ಗದ್ದಿಗೆ ಇಲ್ಲಿ ಬಟ್ಟೆ ತುಂಡು ಹಿಡ್ಕಳೋ ಹಲಗೆ ಕಣೇ, ಅಷ್ಟೇ. ನಂಗೆ ಅದರಲ್ಲಿ ದೇವ್ರೂ ಕಾಣಲ್ಲ, ದಿಂಡ್ರೂ ಕಾಣಲ್ಲ. ಹುಡುಗೀರು ಅದರ ಮುಂದೆ ಚಪ್ಪಲಿ ಹಾಕ್ಕಂಡು ಓಡಾಡ್ತಾರೆ, ನಾನೂ...

ಕೆಳಗೇನು ನೋಡ್ತೀಯ?

ನನ್ನ ಕಾಲು ಯಾಕೆ ನೋಡ್ತೀಯ?

ಸೆಕೆ. ಸೆಕೆ ಅಂತ ಬಿಟ್ಟಿದೀನಿ. ಇವತ್ತೊಂದಿನ. ಹೊರಗೆ ನಿನ್ನ ಚಪ್ಪಲಿ ಬಿಟ್ಯಲ್ಲ, ಪಕ್ಕದಲ್ಲಿ ನಂದೂ... ಪಿನ್ನು ಚುಚ್ಚಿದ್ರೆ ಚುಚ್ಲಿ, ನನ್ನ ಕಾಲು, ನಿಂಗೇನು? ಈ ಗಾಯ ಎಲ್ಲ ಹಳೇವು. ಎಣಿಸಬ್ಯಾಡ ಅವನ್ನ.

ಮಾತಾಡೇ. ಬೈಯಿ. ಕಳ್ಳಿ ಅನ್ನು. ಬಿಚ್ಕಂಡು ಹೋಗಿ ಅತ್ತೆ ಮುಂದೆ ಹಾಕು, ನಿನ್ನ ಮಗಳನ್ನ ಕೂರಿಸು ಅದರ ಮೇಲೆ. ನಾನೇನು ಅಡ್ಡ ಬರಲ್ಲ. ಏನಾದ್ರೂ ಒಂದು ಅನ್ನೇ ಯಶೋದಾ... ಕಂಬಳಿ ಕಾಣೆಯಾದ ದಿನ ಅಂಗಳದಲ್ಲಿ ಅಷ್ಟೂ ಜನ ನಿನ್ನನ್ನ ಬಾಯಿಗೆ ಬಂದಂಗೆ ಅಂತಿದ್ರೆ ನಾನು ತುಟಿ ಬಿಚ್ಚದೆ ಕಂಬಕ್ಕೆ ಒರಗಿ ನಿಂತಿದ್ನಲ್ಲ, ಹಂಗೇ ನಿಂತಿದೀಯಲ್ಲೇ ನೀನು.