ಬಿಗಿ ಹ್ಯಾಂಡ್ ಬ್ರೇಕು

"ಕಾರಿನ ಮೀಟರ್ ವೈರ್ ಕಿತ್ತು, ಓಡಿದ ಲೆಕ್ಕ ಸಿಗದ ಹಾಗೆ ಯಾರ ಮನೆಗೆ ಹೋಗಿಬರ್ತೀರಿ, ಅಳಿಯಂದಿರೇ?"

ಗ್ಯಾರೇಜಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರು ಎದುರು ನಿಂತಿದ್ದ ತಮ್ಮ ಅಳಿಯನನ್ನು ಕೇಳಿದರು. ನನ್ನ ಸ್ಕೂಟರಿನ ಸರದಿ ಇನ್ನೂ ದೂರವಿತ್ತು. ಕಿವಿ ಮುಚ್ಚಿಕೊಳ್ಳುವಷ್ಟು ಸಂಭಾವಿತ ನಾನಲ್ಲ.

"ಆಫೀಸ್ ಬಿಟ್ರೆ ಮನೆ, ಮಾವ. ಎಷ್ಟು ಸಲ ಹೇಳ್ಲಿ?"

"ಲೀಟರಿಗೆ ಹದಿನೆಂಟು ಕಿಲೋಮೀಟರ್ ಕೊಡ್ತಿದ್ದ ಕಾರು ಒಂಬತ್ತಕ್ಕೆ ಯಾಕೆ ಇಳೀತು? ಪೆಟ್ರೋಲ್ ನೀವು ಕುಡಿದ್ರಾ?"

"ಇದನ್ನೇ ಅವಳ ತಲೇಲೂ ತುಂಬಿದ್ರಿ. ಗಂಟುಮೂಟೆ ಕಟ್ಕೊಂಡು ನಿಮ್ಮ ಮನೆ ಸೇರಿ ಹದಿನೈದು ದಿನ ಆಯ್ತು."

"ಸೇರದೆ? ನನ್ನ ಮಗಳೇನು ದಡ್ಡಿಯಾ?"

ಅಷ್ಟರಲ್ಲಿ ಮೆಕ್ಯಾನಿಕ್ ಕಾರಿನ ಹಿಂಭಾಗವನ್ನು ಜ್ಯಾಕಿನಲ್ಲಿ ಎತ್ತಿ, ಚಕ್ರವನ್ನು ಕೈಯಿಂದ ತಿರುಗಿಸಲು ನೋಡಿದ. ಅದು ಮೊಂಡು ಹಿಡಿದಂತೆ ಒಂದು ಸುತ್ತೂ ತಿರುಗಲಿಲ್ಲ.

"ಸಾರ್, ಹ್ಯಾಂಡ್ ಬ್ರೇಕ್ ಇಳಿಸಿದ್ರೂ ಚಕ್ರ ಹಿಡ್ಕೊಂಡೇ ಇದೆ. ಕೇಬಲ್ ಇಷ್ಟು ಬಿಗಿ ಮಾಡಿದ್ರೆ ಪೆಟ್ರೋಲ್ ಕುಡೀದೆ ಇನ್ನೇನು?"

"ಕೇಳಿಸ್ತಾ ಮಾವ? ಹೋದ ತಿಂಗಳು ನಿಮ್ಮನೆ ಮುಂದಿನ ಇಳಿಜಾರಲ್ಲಿ ಕಾರು ಜಾರುತ್ತೆ ಅಂತ ಸ್ಪ್ಯಾನರ್ ಹಿಡಿದು ಕೂತವರು ಯಾರು?"

"ಒಳ್ಳೇದಕ್ಕೇ ಮಾಡಿದ್ದು."

"ಅದನ್ನ ಅವಳಿಗೆ ಹೇಳಿ. ಈಗಲೇ." ಅಳಿಯ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಬೆಂಚಿನ ಮೇಲಿಟ್ಟ.

"ಸಾಯಂಕಾಲ ಹೇಳ್ತೀನಿ. ನನಗೆ ಬಸ್ಸಿದೆ." ಹಿರಿಯರು ಎದ್ದೇಬಿಟ್ಟರು.

"ಹಲೋ?" ಎಂದಿತು ಹೆಣ್ಣುದನಿ. "ಕಾರಿಗೆ ಏನಾಗಿತ್ತಂತೆ?"

ಅಳಿಯ ಮಾವನ ಬೆನ್ನನ್ನೇ ನೋಡುತ್ತ ನಿಂತ.

"ಹ್ಯಾಂಡ್ ಬ್ರೇಕು, ಮೇಡಂ!" ಕಾರಿನಡಿಯಿಂದ ಮೆಕ್ಯಾನಿಕ್ ಕೂಗಿದ. "ಯಾರೋ ಬಿಗಿ ಮಾಡಿಬಿಟ್ಟಿದ್ದಾರೆ!"

ಗೇಟು ದಾಟುತ್ತಿದ್ದ ಹಿರಿಯರು ನಡಿಗೆ ಬಿರುಸು ಮಾಡಿದರು.