ಸಾಸ್ವೆಹಳ್ಳಿಯಲ್ಲಿ ನಿಲ್ಲಲೇಬೇಕು

"ಹಲೋ… ಯಾರು ಮಾತಾಡೋದು?… ಯಾರ್ರೀ? ಸರಿಯಾಗಿ ಕೇಳ್ತಿಲ್ಲ… ಹಾಂ, ಮಹೇಶ್ವರಪ್ಪಾರಾ! ನಮಸ್ಕಾರ್ರೀ. ನಿರ್ಮಲಕ್ಕನ ಫೋನಿಂದ ಮಾಡೀರಾ? ಅದಕ್ಕೇ ಗೊತ್ತಾಗ್ಲಿಲ್ಲ."

ಚನ್ನಗಿರಿಯ ಸೈಕಲ್ ಬಳಗಕ್ಕೆ ಅಡಿಕೆ ವ್ಯಾಪಾರಿ ಮಹೇಶ್ವರಪ್ಪನೇ ಹಿರಿಯ; ನಿರ್ಮಲಕ್ಕ ಅವನ ಹೆಂಡತಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕಲ್ಪನಾ ಆ ಬಳಗ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಹೋದ ತಿಂಗಳು ಎಲ್ಲರೂ ನ್ಯಾಮತಿಗೆ ಹೊರಟಿದ್ದಾಗ, ಸಾಸ್ವೆಹಳ್ಳಿ ದಾಟಿದ ಮೇಲೆ, ಏಪ್ರಿಲ್ ಬಿಸಿಲಿಗೆ ಅವಳು ಕಣ್ಣು ಕತ್ತಲಿಟ್ಟು ರಸ್ತೆ ಪಕ್ಕ ಬಿದ್ದಿದ್ದಳು. ಲಗೇಜ್ ಆಟೋದಲ್ಲಿ ಹೊನ್ನಾಳಿಗೆ ಒಯ್ದು ಡ್ರಿಪ್ ಹಾಕಿಸಿದ್ದರು. ಈ ಭಾನುವಾರ ಮತ್ತೆ ಅದೇ ದಾರಿ. ಫೋನು ಯಾಕೆ ಬಂದಿದೆ ಎಂದು ಅವಳಿಗೆ ಕೇಳುವ ಮೊದಲೇ ಗೊತ್ತಿತ್ತು.

"ಆರಾಮಿದೀನ್ರೀ… ಹೂಂ, ಸುಸ್ತೇನಿಲ್ಲ… ಭಾನುವಾರದ್ದಾ? ಹೇಳ್ರಿ."

…

"ಏನಂದ್ರಿ? ನಾನು ಬರೋದು ಬ್ಯಾಡಾ?… ಯಾರು ಹೇಳಿದ್ದು, ನೀವಾ, ಎಲ್ರೂ ಸೇರಿಯಾ?… ಎಲ್ರೂ ಅಂದ್ರೆ ಗಂಗೋತ್ರಿನೂ ಸೇರಿನಾ? ಇಡೀ ಬಳಗದಾಗೆ ಇರೋದು ನಾವಿಬ್ರೇ ಹೆಂಗಸ್ರು. ಅವಳನ್ನ ಕೇಳಿದ್ರಾ?… ಕೇಳಿಲ್ಲ. ಅಲ್ವಾ?"

…

"ನನ್ನ ಒಳ್ಳೇದಕ್ಕೇ ಅಂತೀರಿ. ಆಗ್ಲಿ. ಹೆಣ್ಮಕ್ಕಳಿಗೆ ಬಿಸಿಲು ತಡಿಯಾಕೆ ಆಗಲ್ಲ ಅಂತ ಗ್ರೂಪಿನಾಗೆ ಹಾಕಿದ್ರಲ್ಲ, ಅದೂ ನನ್ನ ಒಳ್ಳೇದಕ್ಕಾ? ನನ್ನ ತವರು ಜಗಳೂರು ಕಣ್ರೀ. ನಿಮ್ಮಂಗೆ ತೋಟದ ನೆರಳಿನಾಗೆ ಬೆಳೆದೋಳಲ್ಲ. ಬರಿಗಾಲಾಗೆ ನಿಂತು ಶೇಂಗಾ ಕಿತ್ತೋಳು. ನನಗೆ ಬಿಸಿಲು ತೋರಿಸ್ತೀರಾ?"

…

"ಮತ್ಯಾಕೆ ಬಿದ್ದೆ ಅಂತೀರಾ?… ಹೇಳ್ತೀನಿ. ಬ್ಯಾಡ ಅಂದ್ಕಂಡಿದ್ದೆ. ಈಗ ಹೇಳೇಬಿಡ್ತೀನಿ."

ಪಡಸಾಲೆಯಲ್ಲಿ ಅತ್ತೆ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದರು. ಕಲ್ಪನಾಗೆ ಒಂದು ಕ್ಷಣ ದನಿ ತಗ್ಗಿಸಬೇಕೆನ್ನಿಸಿತು. ತಗ್ಗಿಸಲಿಲ್ಲ.

"ಅವತ್ತು ಬೆಳಗ್ಗೆಯಿಂದ ನಾನು ಒಂದು ತೊಟ್ಟು ನೀರು ಕುಡಿದಿರಲಿಲ್ಲ… ಹಾಂ, ಒಂದು ತೊಟ್ಟೂ ಇಲ್ಲ… ಬಾಟ್ಲಿ ಇತ್ರೀ, ಸೈಕಲ್ಲಿಗೇ ಸಿಗಿಸಿತ್ತು. ತುಂಬಿದ್ದು ತುಂಬಿದಂಗೇ ಇತ್ತು… ಹುಚ್ಚೇನಿಲ್ಲ. ಕುಡಿದ್ರೆ ಹೋಗಬೇಕಲ್ಲ, ಎಲ್ಲಿ ಹೋಗ್ಲಿ?… ಏನಕ್ಕೆ ಅಂದ್ರೆ? ಉಚ್ಚೆಗೆ ಕಣ್ರೀ."

…

"ಹಲೋ?… ಇದೀರಾ?… ಕೆಮ್ಮಬ್ಯಾಡ್ರಿ, ಕೇಳ್ರಿ. ನೀವೆಲ್ಲ ಗದ್ದೆ ಬದು ಕಂಡಲ್ಲಿ ಸೈಕಲ್ ಒರಗಿಸಿ ನಿಂತ್ಕಂಬಿಡ್ತೀರಿ. ನಾವು ಆ ಕಡೆ ಮುಖ ತಿರುಗಿಸ್ಕಂಡು ಕಾಯ್ತೀವಿ. ನಮ್ಮದು ಹೆಂಗೆ ಅಂತ ಯಾವತ್ತಾದ್ರೂ ಯಾರಾದ್ರೂ ಕೇಳಿದೀರಾ?… ನಾವು ಹೇಳ್ಲಿಲ್ಲ, ನಿಜ. ನಾಚಿಕೆ. ಮುಂಜಾನೆಯಿಂದ ಬಾಯಿ ಒಣಗಿಸ್ಕಂಡು, ಬೆವರು ಹರಿಸ್ಕಂಡು ತುಳಿದಿದ್ದಕ್ಕೆ ಬಿದ್ದೆ. ಡ್ರಿಪ್ ಹಾಕಿಸ್ಕಂಡು ಮಲಗಿದ್ನಲ್ಲ, ಆ ಮಂಚದ ಮ್ಯಾಲೇ ನಾಚಿಕೆ ಬಿಟ್ಟು ಬಂದೆ."

…

"ಬರೀ ನೀರು ಕುಡಿದ್ರೂ ಸಾಲಲ್ಲ ಅಂದ್ರು ಡಾಕ್ಟ್ರಮ್ಮ. ಬೆವರಿನ ಜೊತೆ ಮೈಯಾಗಿನ ಉಪ್ಪೂ ಹೋಗ್ತದಲ್ಲ, ಅದನ್ನ ತುಂಬಬೇಕು. ಅವತ್ತು ನಮ್ಮ ಜೊತೆಗಿದ್ದ ನಿಮ್ಮ ಕೊಟ್ರೇಶ್‌ದು ನೋಡ್ರಿ. ಬಾಟ್ಲಿ ಮ್ಯಾಲೆ ಬಾಟ್ಲಿ ಬರೀ ನೀರು ಸುರ್ಕಂಡು, ಹೊನ್ನಾಳಿ ಸೇತುವೆ ಹತ್ರ ತಲೆನೋವು, ವಾಂತಿ ಅಂತ ಕೂತ್ರಂತಲ್ಲ?… ಪಿತ್ತಾನಾ? ಗಂಡಸ್ರಿಗಾದ್ರೆ ಪಿತ್ತ, ನಮಗಾದ್ರೆ ಹೆಂಗಸ್ರ ಕೈಲಾಗಲ್ಲ. ಭಾರಿ ಚೆನ್ನಾಗೈತೆ! ಅವರಿಗೆ ಭಾನುವಾರ ಬರಬ್ಯಾಡ ಅಂತ ಫೋನ್ ಮಾಡಿದ್ರಾ?… ಮಾಡಿಲ್ಲ. ಮಾಡಲ್ಲ ನೀವು."

…

"ಇಲ್ರೀ, ಬೇಡ್ಕಂತಿದೀನಿ ಅಂತ ತಿಳ್ಕಬ್ಯಾಡ್ರಿ. ಕೇಳ್ತಿಲ್ಲ, ಹೇಳ್ತಿದೀನಿ. ನಾನೂ ಗಂಗೋತ್ರಿನೂ ಬರ್ತೀವಿ. ನಡುನಡುವೆ ಎಲ್ರೂ ನಿಲ್ಲಬೇಕು, ಸ್ವಲ್ಪ ಸ್ವಲ್ಪ ಕುಡೀಬೇಕು. ಬಾಟ್ಲಿಗೆ ಉಪ್ಪು, ಸಕ್ಕರೆ, ನಿಂಬೆಹಣ್ಣು ಹಾಕ್ಕಬೇಕು. ಸಾಸ್ವೆಹಳ್ಳೀಲಿ ನಿಲ್ಲಲೇಬೇಕು, ನಾವು ಒಂದು ಮನೆಗೆ ಹೋಗಿ ಬರೋ ತನಕ ಯಾರೂ ಗಂಟೆ ಬಾರಿಸಬಾರದು… ರೇಗಬ್ಯಾಡ್ರಿ… ಬಳಗ ನಿಮ್ದಿರಬಹುದು, ರೋಡು ನಿಮ್ದಲ್ಲ. ಬಿಟ್ಟು ಹೋದ್ರೆ ಹೋಗ್ರಿ, ನಾವಿಬ್ರೇ ನ್ಯಾಮತಿ ಮುಟ್ಟಿ ಅದೇ ಗ್ರೂಪಿಗೆ ಫೋಟೋ ಹಾಕ್ತೀವಿ."

ಆ ಕಡೆ ಫೋನು ಕೈಯಿಂದ ಕೈಗೆ ಹೋದ ಸದ್ದು. ಕಲ್ಪನಾ ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡಳು.

"ಹಲೋ?… ಯಾರು?… ನಿರ್ಮಲಕ್ಕನಾ! ಕೇಳಿಸ್ಕಂತಿದ್ರಾ ಅಕ್ಕ? ಸ್ಪೀಕರ್ ಹಾಕಿದ್ರಾ?… ಹಾಂ… ಹಾಂ… ನೀವೂನಾ?… ದಾವಣಗೆರೆಗೆ ಹೋಗೋ ದಿನ ಎದ್ದಾಗಿಂದ ನೀರೇ ಮುಟ್ಟಲ್ವಾ? ಮದುವೆಗೆ ಹೋದ್ರೂ ಹಂಗೇನಾ?… ಅಯ್ಯೋ ಅಕ್ಕ, ಎಷ್ಟು ವರ್ಷದಿಂದ ಹಿಂಗೆ?… ಉಚ್ಚೆಗೆ ಹೋದಾಗ ಉರಿ ಬರೋದೂ ಇದರಿಂದಾನೇ ಇರ್ಬೇಕು ಅಕ್ಕ, ಉಷ್ಣ ಅಂತ ಸುಮ್ನಿರಬ್ಯಾಡ್ರಿ, ತೋರಿಸ್ಕಳ್ರಿ… ಯಜಮಾನ್ರಿಗೆ ಒಂದಿನಾನೂ ಹೇಳಿರಲಿಲ್ವಾ?… ಪಕ್ಕದಾಗೇ ಕೂತು ಕೇಳ್ತಿದಾರಾ ಈಗ?"

ಕಲ್ಪನಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು. ಜಗಳಕ್ಕೆಂದು ಕಟ್ಟಿಕೊಂಡಿದ್ದ ಮಾತೆಲ್ಲ ಈಗ ಬೇಡವೆನ್ನಿಸಿತು. ಪಡಸಾಲೆಯಲ್ಲಿ ಅತ್ತೆಯ ಕೈ ನಿಂತಿತ್ತು. ಅವರು ಸೊಸೆಯನ್ನೇ ನೋಡುತ್ತಿದ್ದರು. ಬೈಯುವ ನೋಟವಾಗಿರಲಿಲ್ಲ ಅದು.

"ಕೊಡ್ರಿ ಅಕ್ಕ… ಹಾಂ, ಮಹೇಶ್ವರಪ್ಪಾರೆ… ಹೇಳ್ರಿ… ಕೇಳ್ತಿದೀನಿ, ಹೇಳ್ರಿ… ಗೊತ್ತಿರಲಿಲ್ಲ ಅಂತೀರಿ. ನಿಮಗೊಬ್ರಿಗೇ ಅಲ್ಲ ಬಿಡ್ರಿ, ಯಾರಿಗೂ ಗೊತ್ತಿಲ್ಲ… ಯಾಕೆ ಹೇಳ್ಲಿಲ್ಲ ಅಂತ ಅವರ ಮ್ಯಾಲೆ ಹಾಯಬ್ಯಾಡ್ರಿ ಮತ್ತೆ."

…

"ಸಾಸ್ವೆಹಳ್ಳೀಲಾ? ಬಂಗಾರಮ್ಮ ಅಂತ, ಗಂಗೋತ್ರಿ ಸೋದರತ್ತೆ ಮನೆ. ರೋಡಿಗೇ ಐತೆ… ಉಪ್ಪಾ? ಬರ್ಕಂತೀರಾ? ಲೀಟರ್ ನೀರಿಗೆ ಅರ್ಧ ಟೀ ಚಮಚ, ಸಕ್ಕರೆ ಆರು ಚಮಚ, ಚಮಚದ ಮ್ಯಾಲಿಂದು ಸವರಿ ಮಟ್ಟ ಮಾಡಿ ಹಾಕ್ರಿ. ಜಾಸ್ತಿ ಹಾಕಿದ್ರೂ ಕೆಡ್ತದೆ… ನಿಮಗೆ ಬೀಪಿ ಐತಾ? ಹಂಗಾದ್ರೆ ನಿಮ್ಮ ಡಾಕ್ಟ್ರನ್ನ ಕೇಳಿ ಆಮ್ಯಾಲೆ ಕುಡೀರಿ, ನನ್ನ ಮಾತು ಕೇಳಿ ಅಲ್ಲ."

…

"ಏನು? ಬರ್ರಿ ಅಂತೀರಾ?… ಬರ್ರಿ ಅನ್ನದಿದ್ರೂ ಬರ್ತಿದ್ವಿ. ಆದ್ರೂ ಅಂದ್ರಲ್ಲ, ಆಗ್ಲಿ… ನಮ್ಮ ಹಿಂದೆ ಕಾರೂ ಬರ್ತದಾ? ಅದ್ರಾಗೆ ಯಾರು? ನಿರ್ಮಲಕ್ಕನಾ? ಮಜ್ಜಿಗೆ ಕ್ಯಾನ್ ಹಿಡ್ಕಂಡಾ?… ಬರ್ಲಿ ರೀ, ಖಂಡಿತ ಬರ್ಲಿ. ಆದ್ರೆ ಬರೀ ನಮಗೆ ಕುಡಿಸಾಕೆ ಅಂತ ಬರೋದಾದ್ರೆ ಬ್ಯಾಡ. ಮನೆ ಬಿಡೋ ಮುಂಚೆ ಅವರೂ ಒಂದು ಚೊಂಬು ನೀರು ಕುಡೀಬೇಕು. ನೀವು ಮುಂದೆ ನಿಂತ್ಕಂಡು ಕುಡಿಸ್ಬೇಕು. ದಾರೀಲಿ ಅವರು ಕಾರು ನಿಲ್ಸಿದ ಕಡೆ ನೀವೂ ತುಟಿ ಪಿಟಕ್ ಅನ್ನದಂಗೆ ಸೈಕಲ್ ನಿಲ್… ಹಲೋ?… ಹಲೋ, ಕೇಳ್ತಾ ಐತಾ?… ನಿಲ್ಲಿಸ್ಬೇಕು ಅಂದೆ ಕಣ್ರೀ… ಹಲೋ?"